ಕೊಚ್ಚಿಯಲ್ಲಿ ಹಸಿರಾದ ನೀಲಿ

ಪರದೇಶ ಸುತ್ತಿ ಬಂದವರು ಪ್ರವಾಸ ಕಥನ ಬರೆಯುತ್ತಾರೆ. ನಾನು ಹೋದದ್ದು ಕೇರಳಕ್ಕೆ. ಪಾಸ್‌ಪೋರ್ಟ್ ಬೇಕಿರಲಿಲ್ಲ, ಗಡಿಯಾರ ತಿರುಗಿಸುವ ಕೆಲಸವೂ ಇರಲಿಲ್ಲ. ಆದರೆ ರಾಯಚೂರಿನಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲಿಯ ಕಾಲೇಜಿನಲ್ಲೇ ಭೌತಶಾಸ್ತ್ರ ಪಾಠ ಮಾಡುತ್ತ ನಲವತ್ತು ದಾಟಿದವಳಿಗೆ, ಬೋರ್ಡಿನ ಒಂದಕ್ಷರವನ್ನೂ ಓದಲಾಗದ, ಒಗೆದ ಸೀರೆ ಒಣಗುವುದೇ ಇಲ್ಲ ಎನ್ನುವಂಥ ಊರು ಪರದೇಶವೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು, ಆದರೆ ನನ್ನ ದಿನಚರಿಯನ್ನು ಪೂರ್ತಿ ನಂಬುವವಳಲ್ಲ. ರಾತ್ರಿ ಕೂತು ಬರೆಯುವ ಹೊತ್ತಿಗೆ ಬೆಳಗ್ಗೆ ಕಂಡದ್ದು ಆಗಲೇ ಸ್ವಲ್ಪ ಬದಲಾಗಿರುತ್ತದೆ. ನಮಗೆ ಹೇಗೆ ಬೇಕೋ ಹಾಗೆ ಬದಲಾಗಿರುತ್ತದೆ ಎಂಬುದು ನನ್ನ ಅನುಮಾನ. ಈ ಪ್ರವಾಸದಲ್ಲಿ ಅದೇ ಅನುಮಾನ ನನ್ನನ್ನು ಕಾಡಿತು. ಇಲ್ಲಿಯ ಮಾತುಗಳು ಅಕ್ಷರಶಃ ಹೀಗೇ ಇದ್ದವು ಎಂದು ಪ್ರಮಾಣ ಮಾಡಲಾರೆ. ಕೇರಳದವರೊಂದಿಗೆ ನಾನಾಡಿದ್ದು ಹೆಚ್ಚಾಗಿ ಇಂಗ್ಲಿಷ್. ಇಲ್ಲಿ ಅದು ಕನ್ನಡವಾಗಿದೆ.

ರಾಯಚೂರಿನಿಂದ ಎರ್ನಾಕುಳಂ

ಮುಂಬೈಯಿಂದ ಕನ್ಯಾಕುಮಾರಿಯ ಕಡೆ ಹೋಗುವ ರೈಲು ರಾಯಚೂರಿಗೆ ಬರುವಷ್ಟರಲ್ಲಿ ಅರ್ಧ ದಣಿದಿರುತ್ತದೆ. ನಾನು ಹತ್ತುವ ಮೊದಲೇ ಪೂರ್ತಿ ದಣಿದಿದ್ದೆ. ಜೂನ್ ಬಂದರೂ ಊರಿನಲ್ಲಿ ಬಿಸಿಲು ಇಳಿದಿರಲಿಲ್ಲ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಖಡಕ್ ರೊಟ್ಟಿಯ ಡಬ್ಬಿ. ಹೆಗಲ ಚೀಲದ ಒಳಜೇಬಿನಲ್ಲಿ ಗುಳಿಗೆ ಇಡುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ಹತ್ತಿಯ ಮೇಲೆ ಉಗುರಿನಗಲದ ಕೆಲವು ಸಿಲಿಕಾನ್ ಚೂರುಗಳು. ಆ ಚೂರುಗಳಿಗಾಗಿಯೇ ಈ ಪ್ರಯಾಣ.

ಅವು ಏನೆಂದು ಹೇಳಬೇಕು. ನನ್ನ ಮಾರ್ಗದರ್ಶಕರಾದ ದೇಸಾಯಿ ಸರ್ ಅವರ ಕೋಣೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಒಂದು ನೀಲಿ ಚಿಟ್ಟೆ ಇದೆ. ದಕ್ಷಿಣ ಅಮೆರಿಕದ್ದು, ಯಾರೋ ಕೊಟ್ಟದ್ದು. ಅದರ ರೆಕ್ಕೆಯಲ್ಲಿ ನೀಲಿ ಬಣ್ಣವೇ ಇಲ್ಲ. ರೆಕ್ಕೆಯನ್ನು ಅರೆದರೆ ಸಿಗುವುದು ಕಂದು ಪುಡಿ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು ಒಂದರ ಮೇಲೊಂದು ಕೂತು, ಬೆಳಕಿನಿಂದ ನೀಲಿಯನ್ನು ಮಾತ್ರ ಆರಿಸಿ ಹಿಂದಕ್ಕೆ ಕಳಿಸುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದೂ ಹೆಚ್ಚುಕಡಿಮೆ ಹೀಗೆಯೇ. ಅಂಥ ಪದರಗಳನ್ನು ನಾವು ಮಾಡಬಹುದೇ ಎಂಬುದು ನನ್ನ ಪಿಎಚ್.ಡಿ.ಯ ಪ್ರಶ್ನೆ. ಮರಳಿನಲ್ಲಿರುವ ಸಿಲಿಕಾ ಒಂದು ದ್ರಾವಣ, ಬಿಳಿ ಪೇಂಟಿಗೆ ಹಾಕುವ ಟೈಟಾನಿಯಾ ಇನ್ನೊಂದು. ಚೂರನ್ನು ಒಂದರಲ್ಲಿ ಅದ್ದಿ, ನಿಧಾನವಾಗಿ ಎತ್ತಿ, ಕುಲುಮೆಯಲ್ಲಿ ಸುಡಬೇಕು. ಆಮೇಲೆ ಇನ್ನೊಂದರಲ್ಲಿ ಅದ್ದಿ ಮತ್ತೆ ಸುಡಬೇಕು. ಹೀಗೆ ಪದರದ ಮೇಲೆ ಪದರ. ರಾಯಚೂರಿನಲ್ಲಿ ಇಡೀ ರಾಜ್ಯಕ್ಕೆ ಕರೆಂಟ್ ತಯಾರಾಗುತ್ತದೆ, ನಮ್ಮ ಕುಲುಮೆ ಕಾಯುವ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಎಷ್ಟೋ ಪದರಗಳು ಅರೆಬೆಂದ ಹಾಗೆಯೇ ಮುಂದಿನ ಪದರವನ್ನು ಹೊತ್ತುಕೊಂಡವು.

ಚೂರುಗಳನ್ನು ಮುಟ್ಟುವಾಗ ಮೂಗು ಬಾಯಿಗೆ ಕರ್ಚೀಫು ಕಟ್ಟಿಕೊಳ್ಳಬೇಕು. ಅದು ದೇಸಾಯಿ ಸರ್ ಹಾಕಿಕೊಟ್ಟ ಶಿಸ್ತು. "ಉಸಿರು ತಾಕಬಾರದು. ಉಸಿರಿನ್ಯಾಗ ಎಣ್ಣಿ ಇರ್ತದ, ಉಪ್ಪು ಇರ್ತದ, ನಿಮ್ಮ ಮಧ್ಯಾಹ್ನದ ಉಳ್ಳಾಗಡ್ಡಿನೂ ಇರ್ತದ" ಎನ್ನುತ್ತಿದ್ದರು. ವರ್ಷಗಟ್ಟಲೆ ನಾನು ಹಾಗೆಯೇ ಮಾಡಿದೆ. ನನ್ನನ್ನು ಕಂಡರೆ ವಿದ್ಯಾರ್ಥಿನಿಯರು ದರೋಡೆಗೆ ಹೊರಟ ಮೇಡಂ ಎಂದು ನಗುತ್ತಿದ್ದರು.

ಕೊನೆಗೆ ಕೆಲವು ಚೂರುಗಳು ನೀಲಿಯಾದವು. ಅದರಲ್ಲೂ ಒಂದು, ಚೌಕಟ್ಟಿನೊಳಗಿನ ಚಿಟ್ಟೆಯಷ್ಟೇ ನೀಲಿ. ಆದರೆ ಕಣ್ಣಿಗೆ ಕಂಡರೆ ಸಾಲದು. ಬಣ್ಣವನ್ನು ಅಳೆಯುವ ಯಂತ್ರ ನಮ್ಮಲ್ಲಿ ಕೆಟ್ಟು ಬಿಡಿಭಾಗಕ್ಕೆ ಕಾಯುತ್ತಿತ್ತು. ಫೋಟೋ ತೆಗೆದರೆ ಚೂರು ಕನ್ನಡಿಯಂತೆ ಹೊಳೆದು ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಮಾತ್ರ ಬೀಳುತ್ತಿತ್ತು. ಹಾಗಾಗಿ ಕೊಚ್ಚಿಯ ಒಂದು ಪ್ರಯೋಗಾಲಯದಲ್ಲಿ ಬಣ್ಣ ಅಳೆಸಿ, ತಿರುವನಂತಪುರದ ಇನ್ನೊಂದರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪದರಗಳ ಚಿತ್ರ ತೆಗೆಸಿಕೊಂಡು ಬರಬೇಕಿತ್ತು. ಪಿಎಚ್.ಡಿ. ನೋಂದಣಿಗೆ ಸಿಕ್ಕಿದ್ದ ಕಡೆಯ ವಿಸ್ತರಣೆ ಆ ಮಳೆಗಾಲದಲ್ಲಿ ಮುಗಿಯುತ್ತಿತ್ತು. ಪ್ರಬಂಧದ ನಾಲ್ಕನೇ ಅಧ್ಯಾಯ, ಅಂದರೆ ಪ್ರಬಂಧದ ಜೀವ, ಆ ನೀಲಿಯ ಮೇಲೆ ನಿಂತಿತ್ತು.

ಪಾಲಕ್ಕಾಡ್ ದಾಟಿದ ಮೇಲೆ ಕಿಟಕಿಯಾಚೆ ಎಲ್ಲವೂ ಹಸಿರಾಯಿತು. ಎದುರಿನ ಸೀಟಿನ ನರ್ಸೊಬ್ಬಳು ಊರು ಹತ್ತಿರವಾಯಿತೆಂದು ಮುಖ ತೊಳೆದು, ಪೌಡರ್ ಹಚ್ಚಿ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಳಿಯುವುದಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು. ನಾನು ಕರ್ಚೀಫು ಕಟ್ಟಿಕೊಂಡು ಪೆಟ್ಟಿಗೆ ತೆರೆದೆ. ಅವಳು ಗಾಬರಿಯಿಂದ ಸ್ವಲ್ಪ ಸರಿದು ಕೂತಳು. ಚೂರು ನೀಲಿಯಾಗಿ ಕಾಣಲಿಲ್ಲ. ಹೊರಗಿನ ತೋಟ ಗದ್ದೆಗಳ ಬೆಳಕು ಬಿದ್ದಿರಬೇಕು ಎಂದುಕೊಂಡು ಮುಚ್ಚಿದೆ. ಹಾಗೆ ಅಂದುಕೊಂಡೆನೆಂದು ದಿನಚರಿಯಲ್ಲಿ ಇದೆ. ಆಗಲೇ ಅನುಮಾನ ಬಂದಿತ್ತೇ ಎಂಬುದು ಇಲ್ಲ.

ಕಳಮಶ್ಶೇರಿ

ಕೊಚ್ಚಿಯ ಅಂಚಿನ ಕಳಮಶ್ಶೇರಿಯಲ್ಲಿ ಕಾರ್ಖಾನೆಗಳ ನಡುವೆಯೇ ಕ್ಯಾಂಪಸ್ಸು. ನನ್ನನ್ನು ಕಾಯುತ್ತಿದ್ದವರು ಅಲ್ಲಿಯ ಪ್ರಯೋಗಾಲಯದ ಬೇಬಿ ಸಾರ್. ಹೆಸರು ಕೇಳಿ ನಾನು ಎಳೆಯ ಪ್ರಾಯದ ಹೆಂಗಸನ್ನು ಊಹಿಸಿದ್ದೆ. ಐವತ್ತು ದಾಟಿದ, ದಪ್ಪ ಮೀಸೆಯ, ಒದ್ದೆ ಛತ್ರಿಯನ್ನು ಬಾಗಿಲಿನ ಹಿಡಿಗೆ ಸಿಕ್ಕಿಸುತ್ತಿದ್ದ ಮನುಷ್ಯ ಕೈಮುಗಿದು, "ಟೀಚರ್, ನಾನೇ ಬೇಬಿ" ಎಂದರು. ಅಲ್ಲಿ ಪಾಠ ಮಾಡುವ ಹೆಂಗಸರೆಲ್ಲ ಟೀಚರ್. ಮೇಡಂ ಎಂದರೆ ಬ್ಯಾಂಕಿನವರು ಎಂಬಂತೆ.

ಮೊದಲು ಹಾಲಿಲ್ಲದ ಚಹಾ ಬಂತು, ಅದರ ಹಿಂದೆ ಗುಲಾಬಿ ಬಣ್ಣದ ಬಿಸಿನೀರು. ಯಾವುದೋ ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರಂತೆ. ಸುಡುವ ಊರಿನವರಾದ ನಾವು ಮಡಕೆಯ ತಣ್ಣೀರು ಹುಡುಕುತ್ತೇವೆ. ಮಳೆಯಲ್ಲಿ ಬೆವರುವ ಅವರು ಬಿಸಿನೀರು ಕುಡಿಯುತ್ತಾರೆ.

ಆ ವಾರ ಅವರ ಕೋಣೆಯ ಎ.ಸಿ. ಕೆಟ್ಟಿತ್ತು. ಕಿಟಕಿ ತೆರೆದಿತ್ತು, ಮಳೆಯ ಎರಚಲು ಮೇಜಿನವರೆಗೂ ಬರುತ್ತಿತ್ತು. ಮೂಲೆಯಲ್ಲಿ ಒಂದು ಮರದ ಕಪಾಟು; ಅದರೊಳಗೆ ಹಗಲಿನಲ್ಲೂ ಬಲ್ಬು ಉರಿಯುತ್ತಿತ್ತು. ಮಸೂರಗಳು, ಕ್ಯಾಮೆರಾ, ಚೂರುಗಳ ಡಬ್ಬಿಗಳು, ಒಂದು ಜೊತೆ ಚರ್ಮದ ಬೂಟು, ಎಲ್ಲವೂ ಅದರೊಳಗೆ.

"ಬಲ್ಬು ಆರಿದರೆ ವಾರದೊಳಗೆ ಎಲ್ಲದರ ಮೇಲೂ ಬೂಷ್ಟು" ಎಂದರು ಬೇಬಿ ಸಾರ್. "ಬೂಟು ನನ್ನದು. ಮಗಳ ಮದುವೆಗೆ ತೆಗೆದುಕೊಂಡದ್ದು. ಮದುವೆಗೆ ಇನ್ನೂ ಗಂಡು ಸಿಕ್ಕಿಲ್ಲ."

ನಾನು ಕರ್ಚೀಫು ಕಟ್ಟಿಕೊಂಡು ಚೂರನ್ನು ಚಿಮುಟದಲ್ಲಿ ಎತ್ತಿ ಕೊಟ್ಟೆ. ಅವರು ಅದನ್ನು ಯಂತ್ರದಲ್ಲಿಟ್ಟರು. ಪರದೆಯ ಮೇಲೆ ಗೆರೆ ಮೆಲ್ಲನೆ ಎದ್ದು, ಗುಡ್ಡದಂತೆ ಏರಿ, ಇಳಿಯಿತು. ಗುಡ್ಡದ ತುದಿ ನೀಲಿಯ ಜಾಗದಲ್ಲಿರಲಿಲ್ಲ. ಹಸಿರಿನಲ್ಲಿತ್ತು.

"ಚೆನ್ನಾಗಿದೆ" ಎಂದರು ಅವರು. "ಒಳ್ಳೆಯ ಹಸಿರು."

"ಇದು ನೀಲಿ, ಸಾರ್."

ಅವರು ಚೂರನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಇಬ್ಬರೂ ನೋಡಿದೆವು. ಹೊಸ ಬಾಳೆಲೆಯ ಹಾಗೆ ಹಸಿರಾಗಿತ್ತು. ಬೇರೆ ಚೂರುಗಳನ್ನೂ ಇಟ್ಟು ನೋಡಿದೆವು. ಯಾವುದೂ ನೀಲಿಯಲ್ಲ.

"ರಾಯಚೂರಿನಲ್ಲಿ ನೀಲಿಯಾಗಿತ್ತು" ಎಂದೆ. ಹೇಳುವಾಗಲೇ ಆ ಮಾತು ನನಗೇ ಹುಡುಗಾಟದಂತೆ ಕೇಳಿಸಿತು. ಊರು ಬದಲಾದರೆ ಬಣ್ಣ ಬದಲಾಗುತ್ತದೆಯೇ?

ಬೇಬಿ ಸಾರ್ ಬಹಳ ಮೆಲ್ಲಗೆ ಹೇಳಿದರು, "ಟೀಚರ್, ಬೇಜಾರು ಮಾಡಿಕೊಳ್ಳಬೇಡಿ. ವರ್ಷಗಟ್ಟಲೆ ನೀಲಿಗಾಗಿ ಕಾದರೆ ಕಣ್ಣಿಗೂ ಸ್ವಲ್ಪ ನೀಲಿ ಹತ್ತುತ್ತದೆ. ನನಗೂ ಆಗಿದೆ. ಯಂತ್ರಕ್ಕೆ ಆಸೆ ಇಲ್ಲ, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಡುವಾಗ ಅವರು, "ಚೂರುಗಳನ್ನು ಕಪಾಟಿನಲ್ಲಿ ಬಿಟ್ಟು ಹೋಗಿ, ತಿರುವನಂತಪುರಕ್ಕೆ ಹೋಗುವ ದಿನ ಒಯ್ಯಿರಿ" ಎಂದರು. ಬೇಡ ಎಂದೆ. ನನ್ನ ಚೂರುಗಳನ್ನು ಬೂಟಿನ ಪಕ್ಕ ಬಿಡಲು ಮನಸ್ಸಾಗಲಿಲ್ಲ.

ರಸ್ತೆಯ ಬದಿಯ ಎಸ್.ಟಿ.ಡಿ. ಬೂತಿನಿಂದ ದೇಸಾಯಿ ಸರ್‌ಗೆ ಫೋನ್ ಮಾಡಿದೆ.

"ಸರ್, ನೀವೂ ನೋಡಿದ್ರಲ್ಲ? ಆವತ್ತು ನಿಮ್ಮ ಕೋಣ್ಯಾಗ ತೋರಿಸಿದ್ದೆ. ನೀಲಿ ಇತ್ತಲ್ರಿ?"

"ನೀವು ನೀಲಿ ಅಂದ್ರಿ, ನಾ ಹೂಂ ಅಂದೆ. ಆಗ ನನ್ನ ಚಷ್ಮಾ ಎಲ್ಲಿತ್ತೋ ಏನೋ. ನೋಡ್ರಿ, ನೀಲಿ ಇಲ್ಲಂದ್ರ ನಾಲ್ಕನೇ ಅಧ್ಯಾಯ ಇಲ್ಲ. ಕಣ್ಣಾರೆ ನೋಡದೆ ನಾ ಸಹಿ ಹಾಕೂದಿಲ್ಲ."

ಇದ್ದ ಒಬ್ಬ ಸಾಕ್ಷಿಯೂ ಹೀಗೆ ಕೈಬಿಟ್ಟರು.

ಪಾಲಾರಿವಟ್ಟಂ, ಹರತಾಳದ ದಿನ

ನಾನು ಉಳಿದುಕೊಂಡದ್ದು ಪಾಲಾರಿವಟ್ಟಂನಲ್ಲಿ, ವಾರಿಜಕ್ಕನ ಮನೆಯಲ್ಲಿ. ನಮ್ಮ ಕಾಲೇಜಿನ ಕನ್ನಡ ಉಪನ್ಯಾಸಕ ಭಟ್ಟರಿಗೆ ಅವರು ಅಕ್ಕ. ಕಾಸರಗೋಡಿನವರು, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ. ಗಂಡನದು ವಲ್ಲಾರ್ಪಾಡಂ ದ್ವೀಪದಲ್ಲಿ ಕಂಟೇನರ್ ಬಂದರಿಗೆ ಮಣ್ಣು ತುಂಬಿಸುವ ಕೆಲಸದ ಮೇಲ್ವಿಚಾರಣೆ. ಅವರು ಮನೆಗೆ ಬರುವುದು ನಿದ್ದೆ ಮಾಡಲು ಮಾತ್ರ. ಕಾಲೇಜಿಗೆ ಹೋಗುವ ಮಗಳು ಅನಘ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ.

"ನಾಳೆ ತಿರುವನಂತಪುರ ಎಂತದ್ದೂ ಇಲ್ಲ ಸರೋಜಾ" ಎಂದರು ವಾರಿಜಕ್ಕ, ನಾನು ಚಪ್ಪಲಿ ಬಿಡುವ ಮೊದಲೇ. "ಹರತಾಳ ಉಂಟು."

"ಯಾವುದಕ್ಕ?"

"ಅದು ಯಾರಿಗೆ ಗೊತ್ತು? ಪೇಪರಲ್ಲಿ ಉಂಟು. ಬಸ್ಸಿಲ್ಲ, ಅಂಗಡಿ ಇಲ್ಲ, ಆಫೀಸಿಲ್ಲ. ನೀವು ಆರಾಮ ಮಾಡಿ."

ನಮ್ಮಲ್ಲಿ ಬಂದ್ ಎಂದರೆ ಕಲ್ಲು ಬೀಳುವ ಭಯ, ಅರ್ಧ ಎಳೆದ ಶಟರು. ಅಲ್ಲಿ ಹರತಾಳದ ಹಿಂದಿನ ಸಂಜೆ ಹಬ್ಬದ ಸಂತೆ. ಕೋಳಿ ಅಂಗಡಿಯ ಮುಂದೆ ಸಾಲು, ಸಿನಿಮಾ ಸಿ.ಡಿ. ಬಾಡಿಗೆಗೆ ಕೊಡುವಲ್ಲಿ ಇನ್ನೂ ಉದ್ದದ ಸಾಲು. ಮರುದಿನ ಇಡೀ ರಸ್ತೆ ಖಾಲಿ. ಎಲ್ಲ ಮನೆಗಳಿಂದಲೂ ಒಗ್ಗರಣೆಯ ವಾಸನೆ. ನನ್ನ ಸೂಕ್ಷ್ಮದರ್ಶಕದ ಸರದಿ ಒಂದು ದಿನ ಮುಂದೆ ಹೋಯಿತು. ಫೋನಿನಲ್ಲಿ ಅಲ್ಲಿಯ ಪ್ರಯೋಗಾಲಯದ ಲತಿಕಾ ಎಂಬವರು, "ಟೀಚರ್, ಇಲ್ಲೂ ಹರತಾಳವೇ ಅಲ್ಲವೇ" ಎಂದು ಸಮಾಧಾನ ಹೇಳಿದರು.

ಮಾಡಲು ಕೆಲಸವಿಲ್ಲದೆ ನಾನು ಪೆಟ್ಟಿಗೆ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದೆ. ಹಸಿರು. ಟ್ಯೂಬ್‌ಲೈಟಿನಲ್ಲಿ ಹಸಿರು, ವರಾಂಡದಲ್ಲಿ ಹಸಿರು, ಅನಘಳ ಓದುವ ದೀಪದ ಕೆಳಗೂ ಹಸಿರು. ರಾಯಚೂರಿನಲ್ಲಿ ಕಂಡದ್ದು ಏನು ಹಾಗಾದರೆ? ನೆನಪಿನಲ್ಲಿರುವ ನೀಲಿ ಚೂರಿನದೋ, ಚೌಕಟ್ಟಿನೊಳಗಿನ ಚಿಟ್ಟೆಯದೋ? ಎರಡನ್ನೂ ಒಂದೇ ಕೋಣೆಯಲ್ಲಿ ನೋಡಿದ್ದೆ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿರಬಹುದು. ಬಾಲ್ಯದ್ದೆಂದು ನಾನು ನಂಬಿರುವ ಎಷ್ಟೋ ಸಂಗತಿಗಳು ಅಮ್ಮ ಹೇಳಿ ಹೇಳಿ ನನ್ನವಾದವು. ಹಾಗೆ ಇದೂ ಇರಬಹುದು. ವರ್ಷಗಳ ದುಡಿಮೆ ಒಂದು ತಪ್ಪು ನೆನಪು ಎಂದು ಒಪ್ಪಿಕೊಳ್ಳುವುದಕ್ಕೂ ಶಕ್ತಿ ಬೇಕು. ಆ ದಿನ ನನ್ನಲ್ಲಿ ಅದೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ನನ್ನ ರೊಟ್ಟಿಯ ಡಬ್ಬಿ ತೆಗೆದೆ. "ನಮ್ಮ ಖಡಕ್ ರೊಟ್ಟಿ, ಅಕ್ಕ. ಕೈಯಾಗ ಹಿಡದ್ರ ಹಪ್ಪಳದಂಗ ಮುರೀತಾವ. ತಿಂಗಳಾದ್ರೂ ಕೆಡೂದಿಲ್ಲ" ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ವಾರಿಜಕ್ಕ ಒಂದನ್ನು ಎತ್ತಿದರು. ರೊಟ್ಟಿ ಅವರ ಕೈಯಿಂದ ಕರ್ಚೀಫಿನಂತೆ ಜೋತುಬಿತ್ತು.

ಅನಘ ನಗು ತಡೆಯಲಾರದೆ, "ಇದ್ ಖಡಕ್ ಅಲ್ಲಲ್ಲೋ ಅಮ್ಮೇ" ಎಂದಳು.

"ಸುಮ್ಮನೆ ಕೂತ್ಕೊ. ಅವರಲ್ಲಿ ಇದಕ್ಕೇ ಖಡಕ್ ಅಂತ ಹೇಳುದಾಗಿರ್ಬಹುದು" ಎಂದರು ವಾರಿಜಕ್ಕ. ಆಮೇಲೆ ನನ್ನ ಮುಖ ನೋಡಿ, "ಸರೋಜಾ, ಇಲ್ಲಿ ಎಲ್ಲ ಹೀಗೆಯೇ. ಉಪ್ಪು ನೀರಾಗ್ತದೆ, ಬೆಂಕಿಕಡ್ಡಿ ಹತ್ತುದಿಲ್ಲ. ನೀವು ಬೇಜಾರು ಮಾಡ್ಬೇಡಿ" ಎಂದರು.

"ಊರಾಗ ಮುರೀತಿದ್ದುವು, ಅಕ್ಕ. ನಿಜವಾಗ್ಲೂ."

"ನಾನು ಇಲ್ಲ ಅಂತ ಹೇಳಿದ್ದಾ?"

ಎರಡು ದಿನಗಳಲ್ಲಿ ಎರಡು ಸಲ ಅದೇ ಮಾತು. ಊರಲ್ಲಿ ನೀಲಿಯಾಗಿತ್ತು, ಊರಲ್ಲಿ ಮುರಿಯುತ್ತಿತ್ತು. ನಾನು ತಟ್ಟೆ ನೋಡುತ್ತ ಕೂತೆ. ವಾರಿಜಕ್ಕ ಕಾವಲಿ ಇಟ್ಟು ರೊಟ್ಟಿಗಳನ್ನು ಬಿಸಿ ಮಾಡಿದರು. ಅವು ಮತ್ತೆ ಬಿರುಸಾದವು. ಅನಘ ಒಂದನ್ನು ಸದ್ದಾಗುವಂತೆ ಮುರಿದು, ನನ್ನನ್ನು ನೋಡಿ ಕ್ಷಮಿಸಿ ಎಂಬಂತೆ ನಕ್ಕಳು. ನಾವು ಮೂವರೂ ಅವನ್ನು ಸಾಂಬಾರಿನ ಜೊತೆ ತಿಂದೆವು. ಅಷ್ಟು ಕಣ್ಣೆದುರಿಗೇ ನಡೆದರೂ ನನಗೆ ಏನೂ ಹೊಳೆಯಲಿಲ್ಲ ಎಂಬುದನ್ನು ಬರೆಯಲೇಬೇಕು. ಹೊಳೆದಿತ್ತು ಎಂದು ಬರೆದುಕೊಳ್ಳುವ ಆಸೆ ಈಗ ಆಗುತ್ತದೆ.

ತಿರುವನಂತಪುರ

ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಹೊರಟೆ. ಹರತಾಳದ ಮರುದಿನವಾದ್ದರಿಂದ ಎರಡು ದಿನದ ಜನ ಒಂದೇ ರೈಲಿನಲ್ಲಿದ್ದರು. ಆಲಪ್ಪುಳ ದಾಟಿದ ಮೇಲೆ ಸೀಟು ಸಿಕ್ಕಿತು. ಪಕ್ಕದವರು ಪೇಪರಿನ ನಡುಹಾಳೆಯನ್ನು ಕೇಳದೆಯೇ ನನಗೆ ಕೊಟ್ಟರು. ಓದಲು ಬಾರದು ಎಂದು ಹೇಳಲು ನಾಚಿಕೆಯಾಗಿ ಅದನ್ನು ಹಿಡಿದುಕೊಂಡೇ ಕೊಲ್ಲಂವರೆಗೆ ಕೂತೆ. ಒಮ್ಮೆ ಪುಟವನ್ನೂ ತಿರುವಿದೆ.

ಲತಿಕಾ ನನ್ನ ವಯಸ್ಸಿನವರೇ. ಒದ್ದೆ ಕೂದಲನ್ನು ಕೆಳಗೆ ಮಾತ್ರ ಸಣ್ಣ ಗಂಟು ಹಾಕಿ ಬೆನ್ನ ಮೇಲೆ ಬಿಟ್ಟಿದ್ದರು, ತುದಿಯಲ್ಲಿ ತುಳಸಿಯ ಕುಡಿ. ಆ ವರ್ಷ ಊರೆಲ್ಲ ಹಬ್ಬಿದ್ದ ಜ್ವರದಲ್ಲಿ ಕೀಲು ಹಿಡಿದು, ಕುರ್ಚಿಯಿಂದ ಏಳುವಾಗಲೆಲ್ಲ "ಅಮ್ಮೇ" ಎನ್ನುತ್ತಿದ್ದರು. ಇಬ್ಬರು ದಣಿದ ಹೆಂಗಸರಿಗೆ ಪರಸ್ಪರ ಪರಿಚಯ ಹೆಚ್ಚು ಬೇಕಾಗಲಿಲ್ಲ.

"ಏನು ಟೀಚರೇ, ಮುಖ ಹೀಗಿದೆ? ಹರತಾಳದ ಸಿಟ್ಟು ನನ್ನ ಮೇಲಲ್ಲ ತಾನೇ?"

"ಚಿತ್ರ ತೆಗೆದುಕೊಡಿ, ಸಾಕು. ಬಣ್ಣ ಹೋಯಿತು. ಪದರಗಳಾದರೂ ಇವೆಯೇ ನೋಡೋಣ."

ಪದರಗಳನ್ನು ಅಡ್ಡಲಾಗಿ ನೋಡಲು ಚೂರನ್ನು ಮುರಿಯಬೇಕು. ಎಲ್ಲಕ್ಕಿಂತ ಚೆನ್ನಾಗಿದ್ದ ಚೂರನ್ನೇ ಕೊಟ್ಟೆ. ವಜ್ರದ ಮೊನೆಯಿಂದ ಗೀರಿ ಲತಿಕಾ ಅದನ್ನು ಎರಡು ಮಾಡಿದರು. ಸಣ್ಣ ಸದ್ದು, ಖಡಕ್ ರೊಟ್ಟಿ ಮುರಿದಂತೆ. ಒಂದು ತುಂಡು ನನ್ನ ಪೆಟ್ಟಿಗೆಗೆ ಬಂತು. ಇನ್ನೊಂದರ ಮೇಲೆ ಚಿನ್ನದ ತೆಳು ಲೇಪ ಹಾಕಬೇಕು, ಇಲ್ಲವಾದರೆ ಸೂಕ್ಷ್ಮದರ್ಶಕದಲ್ಲಿ ಚಿತ್ರ ಕದಡುತ್ತದೆ. ಲೇಪ ಹಾಕುವ ಯಂತ್ರ ಹೊರಗಿನ ಕೋಣೆಯಲ್ಲಿತ್ತು, ಎ.ಸಿ. ಇಲ್ಲದ ಕಡೆ. ಹಾರ್ಲಿಕ್ಸ್ ಶೀಸೆಯಷ್ಟು ದೊಡ್ಡ ಗಾಜಿನ ಗೂಡು, ಕೆಳಗೆ ಪಂಪು. ಗೂಡಿನ ಗಾಳಿಯನ್ನೆಲ್ಲ ಎಳೆದ ಮೇಲೆ ಗುಂಡಿ ಒತ್ತಿದರೆ, ನೇರಳೆ ಬಣ್ಣದ ಹೊಳಪು ಎದ್ದು ಚಿನ್ನ ಕೂರುತ್ತದೆ. ಆಮೇಲೆ ಚೂರಿನ ಸ್ವಂತ ಬಣ್ಣ ಇರುವುದಿಲ್ಲ.

ಪಂಪು ಗುರ್ರೆನ್ನತೊಡಗಿತು. ಲತಿಕಾ ಗುಂಡಿಯ ಬಳಿ ಬೆರಳಿಟ್ಟುಕೊಂಡು, ಒತ್ತಡದ ಮುಳ್ಳು ಇಳಿಯುವುದನ್ನು ನೋಡುತ್ತ, ಮಗನ ಪ್ಲಸ್ ಟು ಫಲಿತಾಂಶದ ಮಾತಾಡುತ್ತಿದ್ದರು. ನನಗೆ ಮಾಡಲು ಏನೂ ಇರಲಿಲ್ಲ, ಗಾಜಿನೊಳಗೆ ನೋಡುತ್ತಿದ್ದೆ. ಹಸಿರು ತುಂಡು ಅಂಚಿನಲ್ಲಿ ಸ್ವಲ್ಪ ಕಪ್ಪಾದಂತೆ ಕಂಡಿತು. ಕಪ್ಪಲ್ಲ. ಅಂಚು ನೀಲಿಯಾಗುತ್ತಿತ್ತು. ನೀಲಿ ಒಳಗೆ ಸರಿಯಿತು. ಮಧ್ಯದಲ್ಲಿ ಒಂದು ಹಸಿರು ಚುಕ್ಕೆ ಉಳಿದು, ಅದೂ ಹೋಯಿತು. ಚೌಕಟ್ಟಿನೊಳಗಿನ ಚಿಟ್ಟೆಯ ನೀಲಿ.

ಲತಿಕಾರ ಕೈ ಹಿಡಿದುಕೊಂಡೆ. "ಒತ್ತಬೇಡಿ."

"ಎಂದಾ ಟೀಚರೇ, ಏನಾಯಿತು?"

"ರೊಟ್ಟಿ" ಎಂದೆ.

ಅವರು ನನ್ನನ್ನು, ಆಮೇಲೆ ಗೂಡನ್ನು, ಮತ್ತೆ ನನ್ನನ್ನು ನೋಡಿದರು. "ಹಸಿವಾಗಿದೆಯೇ? ಕ್ಯಾಂಟೀನಿಗೆ ಹೋಗೋಣವೇ?"

"ನೀವು ಗಾಜಿನೊಳಗೆ ನೋಡಿ. ಅದು ಯಾವ ಬಣ್ಣ, ಹೇಳಿ. ನಾನು ಹೇಳುವುದಿಲ್ಲ."

"ನೀಲಿ" ಎಂದವರು, ಹುಬ್ಬು ಗಂಟಿಕ್ಕಿ ಬಗ್ಗಿದರು. "ಆಗ ಹಸಿರಿತ್ತಲ್ಲ?"

ಗಾಳಿ ಬಿಡಲು ಹೇಳಿದೆ. ಹಿಸ್ಸೆಂದು ಗಾಳಿ ನುಗ್ಗಿತು, ತಿರುವನಂತಪುರದ ಮಳೆಗಾಲದ ಗಾಳಿ. ನಾವಿಬ್ಬರೂ ಮೂಗನ್ನು ಗಾಜಿಗೆ ಒತ್ತಿ ನೋಡುತ್ತಿದ್ದಂತೆ ನೀಲಿ ಕರಗಿ ಹಸಿರಾಯಿತು. ಮತ್ತೆ ಪಂಪು, ಮತ್ತೆ ನೀಲಿ. ಲತಿಕಾ ಕೀಲುನೋವು ಮರೆತು ಪಕ್ಕದ ಕೋಣೆಯವರನ್ನೆಲ್ಲ ಕರೆದು ತಂದರು. ಎಲ್ಲರಿಗೂ ಒಮ್ಮೊಮ್ಮೆ ತೋರಿಸಿದೆವು. ಬಂದವರನ್ನೆಲ್ಲ ನಾನು ಬಣ್ಣದ ಹೆಸರು ಹೇಳಿ ಎಂದು ಪೀಡಿಸಿದೆ. ನನ್ನ ಕಣ್ಣನ್ನು ನಂಬಲು ನನಗೆ ಇಷ್ಟು ಜನ ಬೇಕಾದರು.

ಸಂಗತಿ ಸರಳವಾಗಿತ್ತು. ನಮ್ಮೂರಿನ ಕರೆಂಟು ಕೈಕೊಟ್ಟು ಅರೆಬೆಂದ ಪದರಗಳಲ್ಲಿ ಕಾಣದಂಥ ರಂಧ್ರಗಳು ಉಳಿದಿದ್ದವು. ರಾಯಚೂರಿನ ಒಣಗಾಳಿಯಲ್ಲಿ ಅವು ಖಾಲಿ, ಆದ್ದರಿಂದ ನೀಲಿ. ಇಲ್ಲಿಯ ಗಾಳಿಯ ತೇವ, ರೊಟ್ಟಿಯೊಳಗೆ ಸೇರಿದಂತೆಯೇ, ಅವುಗಳೊಳಗೆ ಸೇರಿ ಬಣ್ಣವನ್ನು ಹಸಿರಿನ ಕಡೆ ಸರಿಸಿತ್ತು; ಪಂಪು ಆ ತೇವವನ್ನು ಎಳೆದೊಡನೆ ನೀಲಿ ಮರಳಿತು. ಮೊದಲ ವರ್ಷ ದೇಸಾಯಿ ಸರ್ ಒಂದು ಚಿಟ್ಟೆಯ ರೆಕ್ಕೆಯ ಚೂರಿಗೆ ಸ್ಪಿರಿಟ್ ಹನಿಸಿ ಇದನ್ನೇ ತೋರಿಸಿದ್ದರು. ಹಸಿರಾಗಿ, ಒಣಗಿ, ಮತ್ತೆ ನೀಲಿಯಾಗಿತ್ತು. ಚಿಟ್ಟೆಗೆ ಆಗುವುದು ಚಿಟ್ಟೆಯನ್ನು ನೋಡಿ ಮಾಡಿದ್ದಕ್ಕೂ ಆದೀತು ಎಂದು ಅಷ್ಟು ವರ್ಷ ನನಗೆ ಅನ್ನಿಸಿರಲಿಲ್ಲ. ನನ್ನ ಊರಿನಲ್ಲಿ ಗಾಳಿ ತಾನಾಗಿಯೇ ಒಣಗಿತ್ತು, ಬೇಬಿ ಸಾರ್ ಊರಿನಲ್ಲಿ ಎಲ್ಲವನ್ನೂ ಬಲ್ಬಿನ ಕೆಳಗಿಟ್ಟು ಒಣಗಿಸಿಕೊಂಡಿದ್ದರು. ಈ ಬದಲಾವಣೆ ಕಣ್ಣಿಗೆ ಬೀಳಲು ಎರಡೂ ಕಡೆ ದಾರಿಯಿರಲಿಲ್ಲ.

ಕೊನೆಗೆ ಆ ತುಂಡಿಗೆ ಚಿನ್ನ ಹಾಕಿ ಚಿತ್ರ ತೆಗೆದೆವು. ಪರದೆಯ ಮೇಲೆ ಪದರಗಳು, ಬುಟ್ಟಿಯಲ್ಲಿ ಪೇರಿಸಿದ ರೊಟ್ಟಿಗಳ ಹಾಗೆ, ಮೈತುಂಬ ದೋಸೆಯ ಕಣ್ಣುಗಳು. ಲತಿಕಾ ಸಿ.ಡಿ.ಗೆ ಹಾಕಿಕೊಟ್ಟು, ತಮ್ಮ ಡಬ್ಬಿಯ ಅರ್ಧ ಅನ್ನವನ್ನೂ ಕೊಟ್ಟರು. "ರೊಟ್ಟಿ ಇಲ್ಲ, ಟೀಚರೇ. ಇದನ್ನೇ ತಿನ್ನಿ."

ಊರಿಗೆ ಫೋನ್ ಮಾಡಿದೆ. ದೇಸಾಯಿ ಸರ್ ಎಲ್ಲ ಕೇಳಿಸಿಕೊಂಡು, "ಗಟ್ಟಿ ಪದರ ಅಂತ ಬರದೀರಿ. ಈಗ ತೂತು ಅಂತೀರಿ. ಮೊದಲು ನೀಲಿ ಅಂದ್ರಿ, ಮೊನ್ನೆ ಹಸಿರು ಅಂದ್ರಿ, ಇವತ್ತು ಎರಡೂ ಅಂತೀರಿ. ಫೋನಿನ್ಯಾಗ ಬಣ್ಣ ಕಾಣ್ತದೇನ್ರಿ? ತಗೊಂಡು ಬರ್ರಿ" ಎಂದರು.

ಮತ್ತೆ ಕಳಮಶ್ಶೇರಿ

ಉಳಿದ ತುಂಡನ್ನು ಒಂದು ರಾತ್ರಿ ಬೇಬಿ ಸಾರ್ ಅವರ ಕಪಾಟಿನಲ್ಲಿ, ಬೂಟಿನ ಪಕ್ಕದಲ್ಲೇ ಇಟ್ಟೆವು. ಬೆಳಗ್ಗೆ ಬಿಸಿ ಆರುವ ಮೊದಲೇ ಯಂತ್ರಕ್ಕೆ ಕೊಟ್ಟೆವು. ಗುಡ್ಡದ ತುದಿ ನೀಲಿಯಲ್ಲಿ ಎದ್ದಿತು. ಚಹಾ ಮುಗಿಯುವುದರೊಳಗೆ ಅದು ಜಾರುತ್ತ ಜಾರುತ್ತ ಹಸಿರಿಗೆ ಹೋಯಿತು. ಬೇಬಿ ಸಾರ್ ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ತೆಗೆದುಕೊಟ್ಟು, ಬಹಳ ಹೊತ್ತು ಮೀಸೆ ನೀವಿಕೊಂಡರು.

"ಟೀಚರ್, ಆವತ್ತು ನಾನು ಕಣ್ಣಿಗೆ ಆಸೆ ಅಂದೆನಲ್ಲ..."

"ನಾನೂ ಹಾಗೇ ಅಂದುಕೊಂಡಿದ್ದೆ, ಸಾರ್."

"ಮೊದಲ ದಿನವೇ ಕಪಾಟಿನಲ್ಲಿಟ್ಟಿದ್ದರೆ ಇಷ್ಟು ಸುತ್ತಾಟವೇ ಇರುತ್ತಿರಲಿಲ್ಲ."

"ಬೂಟು ನೋಡಿ ಹೆದರಿದೆ."

ಅವರು ನಕ್ಕರು. ನನಗೂ ನಗು ಬಂತು ಎಂದು ದಿನಚರಿಯಲ್ಲಿದೆ. ಬಂದಿರಲಿಕ್ಕಿಲ್ಲ, ಅಷ್ಟು ದಣಿದಿದ್ದೆ; ಊರಿಗೆ ಮರಳುವ ರೈಲಿನಲ್ಲಿ ಗುಂತಕಲ್‌ವರೆಗೂ ಮಲಗಿಯೇ ಇದ್ದೆ ಎಂಬುದು ಮಾತ್ರ ಖಚಿತ. ಅನಂತಪುರದ ಬಯಲಿನಲ್ಲೆಲ್ಲೋ ಹಸಿರು ನೀಲಿಯಾಗುವುದನ್ನು ಕಣ್ಣಾರೆ ನೋಡಬೇಕೆಂದು ಪೆಟ್ಟಿಗೆಯನ್ನು ಎದೆಯ ಮೇಲಿಟ್ಟುಕೊಂಡಿದ್ದೆ. ಎಚ್ಚರವಾದಾಗ ಅದು ಆಗಿಹೋಗಿತ್ತು.

ರಾಯಚೂರು

ಊರಿನಲ್ಲಿ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ದೇಸಾಯಿ ಸರ್ ಕೋಣೆಯಲ್ಲಿ ಎಂದಿನಂತೆ ಕರೆಂಟಿರಲಿಲ್ಲ. ಪೆಟ್ಟಿಗೆ ತೆರೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅವರು ಚಷ್ಮಾ ಹಾಕಿಕೊಂಡು, ಅಭ್ಯಾಸದಂತೆ ಕರ್ಚೀಫು ಕಟ್ಟಿಕೊಂಡು ಬಗ್ಗಿದರು.

"ನೀಲಿನೇ ಅದ. ಮತ್ತ ಹಸಿರು ಎಲ್ಲಿ?"

ಎರಡು ಗೆರೆಗಳ ಹಾಳೆಯನ್ನು ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ಚೂರನ್ನು ನೋಡಿದರು. ಹಾಳೆ ಕೊಚ್ಚಿಯದು, ಚೂರು ಇಲ್ಲಿಯದು ಎಂಬಂತಿತ್ತು ಮುಖ.

ಆಗ ನನಗೆ ತೋಚಿತು. ಯಾವತ್ತೋ ಒಂದು ದಿನ ಮರೆತು ಕರ್ಚೀಫು ಕಟ್ಟದೆ ಇದ್ದಿದ್ದರೆ, ಇದನ್ನು ಕಾಣಲು ಇಷ್ಟು ದೂರ ಹೋಗುವುದೇ ಬೇಕಿರಲಿಲ್ಲ.

"ಸರ್, ಕರ್ಚೀಫು ಬಿಚ್ಚ್ರಿ."

"ಯಾಕ್ರಿ?"

"ಚಷ್ಮಾ ಒರಸೂ ಮುಂದ ಹಾ ಅಂತೀರಲ್ಲ, ಹಂಗ ಅದರ ಮ್ಯಾಲ ಒಂದು ಉಸಿರು ಬಿಡ್ರಿ."

ಅವರು ನನ್ನನ್ನು ಸಿಟ್ಟಿನಿಂದಲೇ ನೋಡಿದರು. ಎಷ್ಟೋ ತಂಡದ ವಿದ್ಯಾರ್ಥಿಗಳಿಗೆ ಕಲಿಸಿದ ಶಿಸ್ತು. ಆಮೇಲೆ ನಿಧಾನವಾಗಿ ಹಿಂದಿನ ಗಂಟು ಬಿಚ್ಚಿ, ಕರ್ಚೀಫನ್ನು ಮಡಿಚಿ ಜೇಬಿಗಿಟ್ಟು, ಬಗ್ಗಿ, ಉಸಿರು ಬಿಟ್ಟರು.

ಹಿಂದೊಮ್ಮೆ ಇದೇ ಕಿಟಕಿಯಲ್ಲಿ ನಾನು ಬಣ್ಣದ ಹೆಸರು ಹೇಳಿದ್ದೆ, ಅವರು ಹೂಂ ಎಂದಿದ್ದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಚೂರನ್ನೂ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ.

"ಹಸಿರು" ಎಂದರು ಅವರು.

ಸ್ವಲ್ಪ ಹೊತ್ತಿನ ಮೇಲೆ, ಇನ್ನೂ ಬಗ್ಗಿಕೊಂಡೇ, "ನೀಲಿ."

ಮತ್ತೆ ಉಸಿರು ಬಿಟ್ಟರು. ನಾನು ಕುರ್ಚಿ ಎಳೆದುಕೊಂಡು ಕೂತೆ.